ಟೆನಿಸ್ ಎಲ್ಬೋ: ನಿಧಾನವಾಗಿ ಇಳಿಸೋದೇ ವ್ಯಾಯಾಮ

ಟೆನಿಸ್ ಎಲ್ಬೋ ಬರೋಕೆ ಟೆನಿಸ್ ಆಡಲೇಬೇಕು ಅಂತೇನಿಲ್ಲ. 2004ರಲ್ಲಿ ಸಚಿನ್ ತೆಂಡೂಲ್ಕರ್ ಇದೇ ನೋವಿನಿಂದ ಪಂದ್ಯಗಳನ್ನು ಬಿಡಬೇಕಾಯಿತು. ದಿನವಿಡೀ ಸ್ಕ್ರೂಡ್ರೈವರ್ ತಿರುಗಿಸುವವರಿಗೂ ಬರುತ್ತೆ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳ ಟೆಂಡನ್ ಮೊಣಕೈಯ ಹೊರಬದಿಯ ಮೂಳೆಗೆ ಅಂಟಿಕೊಂಡಿರುತ್ತೆ. ತೊಂದರೆ ಇರೋದು ಅಲ್ಲೇ.

ನೋವು ತಿಂಗಳುಗಟ್ಟಲೆ ಉಳಿದರೆ ಬರೀ ರೆಸ್ಟ್ ಸಾಲದು. ಲೋಹಕ್ಕೆ ಪದೇ ಪದೇ ಲೋಡ್ ಬಿದ್ದರೆ ಫೆಟೀಗ್ ಆಗಿ ಮುರಿಯುತ್ತೆ. ಟೆಂಡನ್‌ಗೆ ಜೀವ ಇದೆ. ಹದವಾದ ಲೋಡ್, ನಡುವೆ ಬಿಡುವು ಸಿಕ್ಕರೆ ಗಟ್ಟಿಯಾಗುತ್ತೆ.

ಮಾಡೋದು ಹೀಗೆ: ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ಟೇಬಲ್ ಮೇಲಿರಲಿ, ಅಂಗೈ ಕೆಳಮುಖವಾಗಿ ಅಂಚಿನಿಂದ ಹೊರಗಿರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಮೇಲೆತ್ತೋಕೆ ಇನ್ನೊಂದು ಕೈ ನೆರವಾಗಲಿ. ಇಳಿಸೋವಾಗ ಮಾತ್ರ ನೋವಿರೋ ಕೈಯೊಂದೇ ಭಾರ ತಡೆದು, 5 ಎಣಿಸೋವರೆಗೆ ನಿಧಾನವಾಗಿ ಇಳಿಸಲಿ. ಹೀಗೆ 15 ಸಲ, 3 ಸುತ್ತು. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯೋ ಇದಕ್ಕೆ ಎಕ್ಸೆಂಟ್ರಿಕ್ ವ್ಯಾಯಾಮ ಅಂತಾರೆ.

ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ದಿನ ಹೆಚ್ಚಾದರೆ ಬಾಟಲಿಯ ನೀರು ಕಮ್ಮಿ ಮಾಡಿ. ಬೆರಳು ಜೋಮು ಹಿಡಿದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಎರಡೇ ದಿನಕ್ಕೆ ಬಿಡಬೇಡಿ. ಫಲ ಕಾಣೋಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು.