ಸಾಕುಪ್ರಾಣಿಯ ಅಂತ್ಯಕಾಲದ ಶುಶ್ರೂಷೆ: ಪಶುಚಿಕಿತ್ಸಾಲಯದಲ್ಲಿ ಏರ್ಪಾಡು ಹೇಗೆ?

ರೇಬೀಸ್ ಲಸಿಕೆಗೆ, ಜಂತುಹುಳುವಿನ ಔಷಧಕ್ಕೆ, ಸಂತಾನಹರಣದ ಶಸ್ತ್ರಕ್ರಿಯೆಗೆ ವೇಳೆಯನ್ನೂ ದರವನ್ನೂ ಗೊತ್ತುಮಾಡಿರುವ ನಮ್ಮ ನಗರಗಳ ಪಶುಚಿಕಿತ್ಸಾಲಯಗಳಲ್ಲಿ, ಹದಿನಾಲ್ಕು ವರ್ಷ ಮನೆಯವರ ನಡುವೆ ಬಾಳಿದ ನಾಯಿಯೊಂದು ಮೂತ್ರಪಿಂಡಗಳು ಸೋತೋ ಅರ್ಬುದರೋಗಕ್ಕೆ ತುತ್ತಾಗಿಯೋ ಇನ್ನು ಗುಣವಾಗದೆಂಬ ಸ್ಥಿತಿಗೆ ಬಂದಾಗ, ಅದಕ್ಕೆಂದು ಯಾವ ಏರ್ಪಾಡೂ ಸಾಮಾನ್ಯವಾಗಿ ಇರುವುದಿಲ್ಲ. “ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತಿಗೂ ಕೊನೆಯ ಚುಚ್ಚುಮದ್ದಿಗೂ ನಡುವೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಧಿಯೊಂದುಂಟು. ವೈದ್ಯವಿದ್ಯೆಯು ಆ ಜೀವಿಗೆ ಅತ್ಯಧಿಕವಾಗಿ ಒದಗಬೇಕಾದದ್ದು ಆ ಅವಧಿಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದಲ್ಲಿ ಈ ಶುಶ್ರೂಷೆಗೆಂದೇ 2009ರಲ್ಲಿ ಸಂಘವೊಂದು ಸ್ಥಾಪಿತವಾಗಿ, 2016ರಲ್ಲಿ ಪಶುವೈದ್ಯರಿಗಾಗಿ ಮಾರ್ಗಸೂಚಿಯೂ ಪ್ರಕಟವಾಯಿತು. ಒಬ್ಬ ವೈದ್ಯರು, ಒಬ್ಬ ಸಹಾಯಕ, ಎರಡು ಕೋಣೆಗಳಿರುವ ನಮ್ಮ ಊರಿನ ಚಿಕಿತ್ಸಾಲಯವೂ ಇದನ್ನು ಆರಂಭಿಸಬಹುದು.

ಮೊದಲ ಹಂತವು ಮಾತಿನದು. ಪ್ರಾಣಿಯು ಉಸಿರಿಗಾಗಿ ಹೋರಾಡುತ್ತಿರುವ ನಡುರಾತ್ರಿಯಲ್ಲಿ ಯಾರಿಗೂ ವಿವೇಚನೆ ಉಳಿದಿರುವುದಿಲ್ಲವಾದುದರಿಂದ, ರೋಗನಿರ್ಣಯವಾದ ಆ ವಾರದಲ್ಲಿಯೇ, ಸಂಜೆಯ ರೋಗಿಗಳೆಲ್ಲ ಹೋದ ಮೇಲೆ ಅರ್ಧ ಗಂಟೆಯನ್ನು ಮೀಸಲಿಟ್ಟು ಮನೆಯವರನ್ನು ಕುಳ್ಳಿರಿಸಿಕೊಳ್ಳತಕ್ಕದ್ದು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಹಡಿಯ ಮೆಟ್ಟಿಲು ಹತ್ತಿಳಿಸಬೇಕೇ, ಚರ್ಮದಡಿಗೆ ದ್ರವ ಕೊಡುವುದನ್ನು ಕಲಿಯಬಲ್ಲವರಿದ್ದಾರೆಯೇ, ಕೊನೆಯ ನಿರ್ಧಾರ ಯಾರದು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಪ್ರಾಣ ತೆಗೆಯುವುದು ಪಾಪವೆಂದು ಮನಸಾರೆ ನಂಬಿದ ಕುಟುಂಬಗಳು ನಮ್ಮಲ್ಲಿ ಅನೇಕ. ಅವರೊಡನೆ ವಾದಕ್ಕಿಳಿಯಲಾಗದು, ಆದರೆ ಸಹಜ ಮರಣವನ್ನು ಆರಿಸಿಕೊಂಡವರು ನೋವಿನ ಔಷಧವನ್ನು ಬಿಟ್ಟುಕೊಡಬೇಕಾಗಿಲ್ಲವೆಂಬುದನ್ನೂ, ಸಹಜ ಮರಣವು ತನ್ನಷ್ಟಕ್ಕೆ ತಾನೇ ಶಾಂತವಾಗಿರುವುದೆಂಬ ಭರವಸೆಯಿಲ್ಲವೆಂಬುದನ್ನೂ ಮರೆಮಾಚದೆ ಹೇಳುವುದು ವೈದ್ಯರ ಕರ್ತವ್ಯ.

ಎರಡನೆಯದು ಮನೆಯ ಆರೈಕೆಯ ವಿವರವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡುವುದು. ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದಲ್ಲದೆ, ಏನನ್ನು ಕೊಡಬಾರದೆಂಬುದೂ ಅದರಲ್ಲಿರಬೇಕು: ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ, ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳು ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ನುಣುಪಾದ ಟೈಲ್ಸ್ ನೆಲದ ಮೇಲೆ ಒರಟು ಚಾಪೆ, ದಪ್ಪನೆಯ ಹಾಸಿಗೆ, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸುವುದು, ಬೆಚ್ಚಗಿನ ಮೆದು ಆಹಾರ ಇವಿಷ್ಟರಿಂದಲೇ ಹಾಸಿಗೆಹುಣ್ಣು ಮುಂತಾದ ಯಾತನೆಗಳು ಬಹುಮಟ್ಟಿಗೆ ತಪ್ಪುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸ್ವಭಾವದಲ್ಲಿ ಹಠಾತ್ ವ್ಯತ್ಯಾಸ, ನುಂಗಲಾಗದೆ ಸುರಿಯುವ ಜೊಲ್ಲು, ಕೆಳದವಡೆ ಜೋತುಬೀಳುವುದು ಇವು ಕಂಡ ಪ್ರಾಣಿಯಲ್ಲಿ ರೇಬೀಸಿನ ಶಂಕೆ ಪರಿಹಾರವಾಗುವವರೆಗೆ ಮನೆಯ ಶುಶ್ರೂಷೆಯ ಮಾತೇ ಸಲ್ಲದು.

ಮನೆಯವರನ್ನು ಬಹುವಾಗಿ ಕಾಡುವ ಪ್ರಶ್ನೆ “ಸಮಯ ಬಂದಿತೇ?” ಎಂಬುದು. ಪ್ರೀತಿಯು ಒಂದು ದಿನ ಆಶೆಯ ಕಡೆಗೂ ಇನ್ನೊಂದು ದಿನ ಭಯದ ಕಡೆಗೂ ವಾಲುವುದರಿಂದ ಬರೆದಿಟ್ಟ ಲೆಕ್ಕವೊಂದು ಬೇಕಾಗುತ್ತದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರು 2004ರಲ್ಲಿ ರೂಪಿಸಿದ ಮಾನದಂಡವು ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಚಲನೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ ಏಳು ಅಂಶಗಳಿಗೆ ತಲಾ 0ಯಿಂದ 10ರವರೆಗೆ ಅಂಕ ಕೊಡುತ್ತದೆ. ಉಸಿರಾಟದ ಕಷ್ಟವು ನೋವಿನ ಲೆಕ್ಕಕ್ಕೇ ಸೇರುತ್ತದೆ. ಒಟ್ಟು 35ನ್ನು ಮೀರಿದರೆ ಬಾಳು ಸಹ್ಯವೆಂದು ಎಣಿಕೆ. ಅಂಕವು ಆಜ್ಞೆಯಲ್ಲ, ಆದರೂ ವಾರಕ್ಕೆರಡು ಬಾರಿ ಮನೆಯವರೇ ತುಂಬಿದ ಹಾಳೆಗಳು ಇಳಿಮುಖವನ್ನು ತೋರಿಸಿದಾಗ, ನಿರ್ಧಾರದ ಭಾರವು ಒಬ್ಬರ ಎದೆಯ ಮೇಲೆಯೇ ಬೀಳುವುದಿಲ್ಲ.

ದಯಾಮರಣವೇ ನಿಶ್ಚಯವಾದಲ್ಲಿ, ಒಪ್ಪಿಗೆಪತ್ರದ ಸಹಿಯನ್ನೂ ಶುಲ್ಕವನ್ನೂ ಮುಂಚಿತವಾಗಿ ಮುಗಿಸಿರಬೇಕು. ಅಳುತ್ತಿರುವವರ ಕೈಗೆ ಬಿಲ್ ಕೊಡುವುದು ಅತ್ಯಂತ ಅನುಚಿತ. ದಿನದ ಕೊನೆಯ ವೇಳೆ ಉತ್ತಮ. ಮನೆಗೇ ಹೋಗಬಲ್ಲವರಾದರೆ ಇನ್ನೂ ಉತ್ತಮ. ಮೊದಲು ಮಂಪರಿನ ಔಷಧ, ಅದು ಹಿಡಿದ ಮೇಲೆ ರಕ್ತನಾಳಕ್ಕೆ ಕ್ಯಾನುಲಾ, ಅನಂತರ ಅರಿವಳಿಕೆಯ ಅಧಿಕ ಪ್ರಮಾಣ. ಪೊಟ್ಯಾಸಿಯಂ ಕ್ಲೋರೈಡನ್ನು ಬಳಸುವುದಾದರೆ ಗಾಢವಾದ ಅರಿವಳಿಕೆಯ ತರುವಾಯವೇ ಹೊರತು ಎಚ್ಚರವಿರುವ ಪ್ರಾಣಿಗೆ ಎಂದಿಗೂ ಕೂಡದು. ಸ್ಟ್ರಿಕ್ನಿನ್ ಚುಚ್ಚಿ ಕೊಲ್ಲುವುದನ್ನು 1960ರ ಕ್ರೌರ್ಯ ತಡೆ ಕಾಯಿದೆಯು ಹೆಸರಿಸಿಯೇ ಅಪರಾಧವೆಂದಿದೆ. ಕೆಟಮಿನ್ ಮುಂತಾದ ನಿಯಂತ್ರಿತ ಔಷಧಗಳಿಗೆ ಬೀಗದ ಕಪಾಟೂ ದಾಖಲೆಪುಸ್ತಕವೂ ಇರಲೇಬೇಕು. ಕಣ್ಣು ಮುಚ್ಚದಿರಬಹುದು, ಹೃದಯ ನಿಂತ ಮೇಲೂ ಒಂದೆರಡು ದೀರ್ಘ ಉಸಿರು ಬರಬಹುದು, ಮೂತ್ರ ಹೋಗಬಹುದು ಎಂದು ಮೊದಲೇ ತಿಳಿಸದಿದ್ದರೆ, ನೋಡುತ್ತಿರುವವರು ಅದನ್ನು ಸಂಕಟವೆಂದು ಬಗೆದು ವರ್ಷಗಟ್ಟಲೆ ಕೊರಗುತ್ತಾರೆ. ಸ್ಟೆತಾಸ್ಕೋಪಿನಿಂದ ಹಲವು ನಿಮಿಷ ಆಲಿಸಿ ಖಚಿತಪಡಿಸಿಕೊಂಡ ಮೇಲೆಯೇ “ಹೋಯಿತು” ಎನ್ನತಕ್ಕದ್ದು. ಮಕ್ಕಳಿಗೂ ಆ ಮಾತನ್ನೇ ಹೇಳಬೇಕು. ನಿದ್ದೆಮಾಡಿಸಿದೆವೆಂದು ಕೇಳಿದ ಮಗು ಮುಂದೆ ನಿದ್ದೆಗೇ ಹೆದರೀತು.

ದೇಹದ ವಿಲೇವಾರಿಯನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಬೆಂಗಳೂರಿನವರಿಗೆ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವುಂಟು. ತೋಟದಲ್ಲಿ ಹೂಳುವವರಿಗೆ, ಬಾವಿಯಿಂದ ದೂರವಾಗಿ, ನಾಯಿನರಿಗಳು ಕೆದಕಲಾಗದಷ್ಟು ಆಳವಾಗಿ ಗುಂಡಿ ತೋಡಲು ಒತ್ತಿ ಹೇಳಬೇಕು. ದಯಾಮರಣಕ್ಕೆ ಬಳಸುವ ಬಾರ್ಬಿಟುರೇಟ್ ಎಂಬ ಅರಿವಳಿಕೆಯ ಔಷಧವು ಕಳೇಬರದಲ್ಲಿ ಉಳಿದು, ಅದನ್ನು ತಿಂದ ಪ್ರಾಣಿಪಕ್ಷಿಗಳನ್ನು ಕೊಲ್ಲುತ್ತದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಹೀಗೆಯೇ ಕಳೇಬರದ ಮೂಲಕ ರಣಹದ್ದುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದು, 2006ರಲ್ಲಿ ಪಶುಚಿಕಿತ್ಸೆಯಿಂದ ನಿಷೇಧಿತವಾದದ್ದನ್ನು ನಮ್ಮ ದೇಶದ ವೈದ್ಯರು ಮರೆಯಲಾಗದು.

ಸಹಾಯಕನ ಮನಸ್ಸಿಗೂ ಆಯಾಸವುಂಟಾದುದರಿಂದ ಒಂದೇ ದಿನ ಎರಡು ಸಲ ದಯಾಮರಣದ ಕೆಲಸವನ್ನು ಅವನೊಬ್ಬನಿಗೇ ವಹಿಸಬಾರದು. ವಾರ ಕಳೆದ ಮೇಲೆ ಮನೆಯವರಿಗೊಂದು ಫೋನ್ ಮಾಡಿ, ಬೇರೆ ಪ್ರಾಣಿಗಳಿದ್ದರೆ ಅವು ಆಹಾರ ಬಿಟ್ಟಿವೆಯೇ ಎಂದು ವಿಚಾರಿಸಬೇಕು. ಲಸಿಕೆಯ ಸಮಯವಾಯಿತೆಂಬ ಸಂದೇಶವು ಆ ಪ್ರಾಣಿಯ ಹೆಸರಿನಲ್ಲಿ ಮತ್ತೆ ಹೋಗದಂತೆ ಅದು ಸತ್ತ ದಿನವೇ ಕಂಪ್ಯೂಟರಿನ ಪಟ್ಟಿಯನ್ನು ತಿದ್ದುವ ಹೊಣೆಯನ್ನು ಚಿಕಿತ್ಸಾಲಯದಲ್ಲಿ ಯಾರಾದರೊಬ್ಬರಿಗೆ ಹೆಸರು ಹಿಡಿದು ಒಪ್ಪಿಸತಕ್ಕದ್ದು.