ತಲೆಯಾಡಿಸುವ ಮೊದಲು ಕೇಳಿ ನೋಡಿ

ಬೆಂಗಳೂರಿನ ವಿಜಯನಗರದ ಮಾರುಕಟ್ಟೆಗೆ ಹೋದರೆ ಬೆಂಡೆಕಾಯಿಯ ತುದಿ ಮುರಿದು ನೋಡದೆ ನೀವು ಕಾಲು ಕೆಜಿಯನ್ನೂ ಚೀಲಕ್ಕೆ ಹಾಕಿಸಿಕೊಳ್ಳುವುದಿಲ್ಲ. ಅದೇ ನೀವು, ಯಾರಾದರೂ ಸೊಗಸಾಗಿ ನಾಲ್ಕು ಮಾತಾಡಿದರೆ ಲಕ್ಷಗಟ್ಟಲೆ ದುಡ್ಡಿನ ವಿಚಾರಕ್ಕೂ ತಲೆಯಾಡಿಸಿಬಿಡುತ್ತೀರಿ. ಇದು ಸರಿಯಲ್ಲ. ಚೆನ್ನಾಗಿ ಮಾತಾಡುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ವಿಚಾರವನ್ನೂ ಮನಮುಟ್ಟುವ ಹಾಗೆ ಹೇಳಬೇಕಲ್ಲ! ಆದರೆ ಮಾತಿನ ಸೊಗಸು ಬೇರೆ, ಮಾತಿನೊಳಗಿನ ಸತ್ಯ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇದನ್ನು ಕಲಿಸಿಕೊಟ್ಟ ಹಿರಿಯರು ನಮ್ಮ ಪಕ್ಕದಲ್ಲೇ ಇದ್ದರು. ಕೆಂಗೇರಿ ಕಡೆ ಹೋಗುವಾಗ ಜ್ಞಾನಭಾರತಿ ಸಿಗುತ್ತದಲ್ಲ, ಆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ 1970ರ ದಶಕದಲ್ಲಿ ಡಾ. ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದರು. 1976ರಲ್ಲಿ ಅವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಿಸಲು ಒಂದು ಸಮಿತಿ ಮಾಡಿದರು. ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ವಿಭೂತಿ ಸೃಷ್ಟಿಸುತ್ತಾನೆ ಅಂತ ಜನ ಮುಗಿಬೀಳುತ್ತಿದ್ದ ಕಾಲ ಅದು. ಸಮಿತಿಯವರು ಅಲ್ಲಿಗೇ ಹೋದರು, ತಪಾಸಣೆ ಮಾಡಿದರು. ವಿಭೂತಿ ಹುಡುಗನ ಬಟ್ಟೆಯೊಳಗೆ ಅಡಗಿತ್ತು. ಅಷ್ಟು ಜನ ಕೈಮುಗಿದು ನಿಂತಿದ್ದರಲ್ಲ, ಅಂಗಿಯೊಳಗೆ ಏನಿದೆ ಅಂತ ನೋಡಬೇಕು ಅನ್ನಿಸಿದ್ದು ಎಷ್ಟು ಜನಕ್ಕೆ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದ್ದರಿಂದ ಯಾರ ಮಾತೇ ಆಗಲಿ, ಅದರಲ್ಲಿ ಪರೀಕ್ಷೆ ಮಾಡಬಹುದಾದ್ದು ಯಾವುದು ಅಂತ ಮೊದಲು ಹುಡುಕಿ. ಮೈಸೂರು ರಸ್ತೆಯ ಸೈಟು ಮಾರುವವರು ಬಂದರು ಅನ್ನಿ. ‘ಕೆಂಗೇರಿ ಮೆಟ್ರೋಗೆ ಹತ್ತೇ ನಿಮಿಷ’ ಅನ್ನುತ್ತಾರೆ. ಇದನ್ನು ಪರೀಕ್ಷಿಸಬಹುದು. ಅವರ ಕಾರಿನಲ್ಲಿ ಭಾನುವಾರ ಬೆಳಿಗ್ಗೆ ಹೋಗಬೇಡಿ, ಸೋಮವಾರ ಒಂಬತ್ತು ಗಂಟೆಗೆ ನೀವೇ ಆಟೋದಲ್ಲಿ ಹೋಗಿ ಗಡಿಯಾರ ನೋಡಿ. ‘ಎಲ್ಲ ಪೇಪರ್ ಕ್ಲಿಯರ್’ ಅನ್ನುತ್ತಾರೆ. ಇದನ್ನೂ ಪರೀಕ್ಷಿಸಬಹುದು. ಮೂಲಪತ್ರ, ಭೂಪರಿವರ್ತನೆ ಆದೇಶ, ಋಣಭಾರ ಪತ್ರ (ಇಸಿ) ಎಲ್ಲ ತರಿಸಿ, ನಿಮ್ಮದೇ ವಕೀಲರಿಗೆ ತೋರಿಸಿ. ದೊಡ್ಡ ಬಡಾವಣೆಯ ಸೈಟುಗಳನ್ನು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಇಲ್ಲದೆ ಜಾಹೀರಾತು ಮಾಡುವುದು 2016ರ ಕಾಯ್ದೆಗೆ ವಿರುದ್ಧ, ಆ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ‘ಎರಡೇ ವರ್ಷದಲ್ಲಿ ರೇಟು ಡಬಲ್’ ಅನ್ನುವುದನ್ನು ಮಾತ್ರ ಇವತ್ತು ಯಾರೂ ಪರೀಕ್ಷಿಸಲಾರರು. ಅದು ಅವರ ಆಸೆ, ನಿಮಗೆ ಕೊಡುವ ಆಧಾರವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಮಾತು. ನಿಮ್ಮನ್ನು ಅವಸರಪಡಿಸುವ ಮಾತಿಗೆ ಯಾವತ್ತೂ ಆ ಗಳಿಗೆಯಲ್ಲೇ ಒಪ್ಪಬೇಡಿ. ‘ಇವತ್ತೇ ಅಡ್ವಾನ್ಸ್ ಕೊಟ್ಟರೆ ಮಾತ್ರ ಈ ರೇಟು’ ಎನ್ನುವುದು ಆಸೆಯ ಅವಸರ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಫೋನ್ ಇಡಬೇಡಿ, ಮನೆಯವರಿಗೂ ಹೇಳಬೇಡಿ’ ಎನ್ನುವುದು ಭಯದ ಅವಸರ. ಎರಡರ ಉದ್ದೇಶವೂ ಒಂದೇ, ನಿಮಗೆ ಯೋಚಿಸಲು ಪುರುಸೊತ್ತು ಸಿಗಬಾರದು. ಹೀಗೆ ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಂಥ ಕರೆ ಬಂದರೆ ಫೋನ್ ಇಟ್ಟುಬಿಡಿ, ಮಗನಿಗೋ ಸೊಸೆಗೋ ಪಕ್ಕದ ಮನೆಯವರಿಗೋ ಹೇಳಿ. ದುಡ್ಡು ಹೋಗಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ ಆಗಬಾರದು.

ಹೇಳಿದವರು ಯಾರು ಅಂತ ನೋಡಿ ಮಾತನ್ನು ಒಪ್ಪುವುದು ಅಥವಾ ತಳ್ಳುವುದು ಕೂಡ ಕೆಟ್ಟ ಚಾಳಿ. ಸಿನಿಮಾ ನಟರು ಹೇಳಿದರು ಅಂತ ದುಡ್ಡು ಹೂಡುತ್ತೀರಿ. ನಟನೆ ಅವರಿಗೆ ಗೊತ್ತು, ಹೂಡಿಕೆಯ ವಿಚಾರವೂ ಗೊತ್ತಿದೆಯೇ ಅಂತ ಕೇಳುವುದಿಲ್ಲ. ಅತ್ತ ರಾಜಾಜಿನಗರದ ಯಾವುದೋ ರಸ್ತೆಯ ನಿವಾಸಿಗಳ ಸಭೆಯಲ್ಲಿ ಒಬ್ಬರು ಎದ್ದು, ‘ಮೋರಿ ಕಟ್ಟಿಕೊಂಡಿದೆ, ಮಳೆ ಬಂದರೆ ನೀರು ಮನೆಗೆ ನುಗ್ಗುತ್ತದೆ’ ಅಂದರೆ, ‘ನೀವು ಬಾಡಿಗೆಯವರು, ನಿಮಗ್ಯಾಕೆ?’ ಅಂತ ಕೂರಿಸುತ್ತೀರಿ. ಅವರು ಬಾಡಿಗೆಯವರಾದರೆ ಮೋರಿ ತೆರೆದುಕೊಳ್ಳುತ್ತದೆಯೇ? ಮೊದಲು ಹೋಗಿ ಮೋರಿ ನೋಡಿ ಬನ್ನಿ.

‘ಇದು ಬೇಕೋ, ಅದು ಬೇಕೋ’ ಎಂದು ಎರಡೇ ದಾರಿ ತೋರಿಸುವವರ ಹತ್ತಿರವೂ ಎಚ್ಚರವಾಗಿರಿ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಮಾತು ಬಂದಾಗ, ಸಂಚಾರ ಸುಗಮವಾಗಬೇಕೋ, ಮರ ಉಳಿಯಬೇಕೋ ಅನ್ನುವಂತೆ ಎಷ್ಟೋ ಮನೆಗಳಲ್ಲಿ ಜಗಳವಾಯಿತು. ಬೀದಿಗಿಳಿದು ಮಾನವ ಸರಪಳಿ ಕಟ್ಟಿದ ಜನ ಮಾತ್ರ ‘ಬಸ್ಸು, ರೈಲು ಹೆಚ್ಚಿಸಬಾರದೇಕೆ?’ ಎಂದು ಮೂರನೆಯ ಪ್ರಶ್ನೆ ಕೇಳಿದರು. 2017ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಸೇತುವೆ ಬೇಕಿತ್ತು ಅನ್ನುವವರು ಈಗಲೂ ಇದ್ದಾರೆ, ಇರಲಿ. ನೀವು ಮೂರನೆಯ ದಾರಿ ಇದೆಯೇ ಅಂತ ಕೇಳುವುದನ್ನು ಮರೆಯಬೇಡಿ.

ಒಂದು ಕಥೆ ಕೇಳಿ ತೀರ್ಮಾನಕ್ಕೆ ಬರಬೇಡಿ. ಕಷಾಯ ಕುಡಿದ ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು ಅನ್ನುತ್ತೀರಿ. ಎಷ್ಟೋ ವೈರಲ್ ಜ್ವರ ಕಷಾಯ ಕುಡಿಯದವರಿಗೂ ಮೂರು ನಾಲ್ಕು ದಿನಕ್ಕೆ ಬಿಡುತ್ತದೆ. ಕುಡಿಯಿರಿ, ಗಂಟಲಿಗೆ ಹಿತ, ಆದರೆ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಇನ್ನು ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ಮುಗಿಸುವ ಮೊದಲೇ ಇಪ್ಪತ್ತು ಜನಕ್ಕೆ ಕಳಿಸುವುದಂತೂ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆಯೇ. ಯಾರು, ಯಾವಾಗ, ಎಲ್ಲಿ ಹೇಳಿದ್ದು ಅಂತ ಗೊತ್ತಿಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.

ಎಲ್ಲಕ್ಕಿಂತ ಕಷ್ಟದ ಮಾತೊಂದಿದೆ. ನಿಮಗೆ ಇಷ್ಟವಾದ ಪಕ್ಷ, ಇಷ್ಟವಾದ ನಾಯಕರು, ಇಷ್ಟವಾದ ಗುರುಗಳ ಮಾತನ್ನೂ ಇದೇ ರೀತಿ ಪರೀಕ್ಷಿಸಬೇಕು. ಎದುರಾಳಿಯ ಮಾತಿನಲ್ಲಿ ಹುಳುಕು ಹುಡುಕುವುದು ಎಲ್ಲರಿಗೂ ಬರುತ್ತದೆ. ನಮ್ಮ ಹಳೆಯ ಶಾಸ್ತ್ರಕಾರರು ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಇಟ್ಟು ಆಮೇಲೆ ತಮ್ಮ ಸಿದ್ಧಾಂತ ಹೇಳುತ್ತಿದ್ದರು. ನೀವೂ ಹಾಗೆ ಮಾಡಿ. ಎದುರಿನವರು ‘ಹೌದು, ನಾನು ಹೇಳಿದ್ದು ಇದನ್ನೇ’ ಅನ್ನುವ ಹಾಗೆ ಅವರ ಮಾತನ್ನು ಮೊದಲು ನೀವು ಹೇಳಿ ತೋರಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ ಕೇಳಿದರೆ ಎದುರಿನವರಿಗೆ ಅವಮಾನ ಅಂತ ಸಂಕೋಚಪಡಬೇಡಿ. ಪ್ರಾಮಾಣಿಕರು ‘ಕೇಳಿದ್ದು ಒಳ್ಳೆಯದಾಯಿತು’ ಅನ್ನುತ್ತಾರೆ. ಸಿಡುಕಿದವರ ಹತ್ತಿರ ಇನ್ನೂ ಎರಡು ಪ್ರಶ್ನೆ ಹೆಚ್ಚಾಗಿಯೇ ಕೇಳಿ. ಮನೆಯಲ್ಲಿ ಮಕ್ಕಳು ‘ಯಾಕೆ?’ ಅಂದಾಗ ‘ಎದುರು ಮಾತಾಡಬೇಡ’ ಅಂತ ಬಾಯಿ ಮುಚ್ಚಿಸುತ್ತೀರಲ್ಲ, ಅದನ್ನು ಮೊದಲು ಬಿಡಿ. ಹಾಗೆ ಬೆಳೆದ ಮಗು ನಾಳೆ ಸೈಟಿನವರ ಮುಂದೆಯೂ, ಫೋನಿನಲ್ಲಿ ಹೆದರಿಸುವವರ ಮುಂದೆಯೂ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತದೆ. ಮಗು ಕೇಳಲಿ. ಉತ್ತರ ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.