ಹೂಳಿನ ಲೆಕ್ಕ



ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವಿದೆ. ಈ ಸೀಮೆಯ ಕಬ್ಬು, ಬಾಳೆ, ಭತ್ತಕ್ಕೆ ತುಂಗಭದ್ರೆಯೇ ಆಸರೆ. ಮಳೆಗಾಲ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: "ಡ್ಯಾಮು ಎಷ್ಟು ತುಂಬಿತು? ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ?"

ಡ್ಯಾಮು ತುಂಬಿದರೂ ಹಿಂದಿನಷ್ಟು ನೀರು ನಿಲ್ಲುವುದಿಲ್ಲ. ಕಾರಣ ಹೂಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹೂಳು? ಅದನ್ನು ಕಣ್ಣಳತೆಯಲ್ಲಿ ಹೇಳಲಾಗದು.

1953ರಲ್ಲಿ ನೀರು ನಿಲ್ಲಿಸಲು ತೊಡಗಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. 2008ರ ಸಮೀಕ್ಷೆಯಲ್ಲಿ ಅದು ಸುಮಾರು 100.86 ಟಿಎಂಸಿಗೆ ಇಳಿದಿತ್ತು. 2016ರ ಸಮೀಕ್ಷೆಯಲ್ಲಿ 105.79 ಎಂದು ಬಂತು. ಹಾಗಾದರೆ ಎಂಟು ವರ್ಷಗಳಲ್ಲಿ ಹೂಳು ಕರಗಿಹೋಯಿತೇ? ಇಲ್ಲ, ಅಳೆದ ವಿಧಾನ ಬೇರೆಯಾಗಿತ್ತು. ಮೂರು ರಾಜ್ಯಗಳು ಹಂಚಿಕೊಳ್ಳುವ ನೀರಿನಲ್ಲಿ ಐದು ಟಿಎಂಸಿ ಸಣ್ಣ ಮಾತಲ್ಲ. ಆದ್ದರಿಂದ ಯಾವ ಅಂಕಿಯನ್ನು ಕಂಡರೂ ಯಾವಾಗ ಅಳೆದದ್ದು, ಹೇಗೆ ಅಳೆದದ್ದು ಎಂದು ಕೇಳುವುದು ಒಳ್ಳೆಯದು.

2017ರ ಬೇಸಿಗೆಯಲ್ಲಿ ರೈತರೇ ಮುಂದೆ ಬಂದು, ಜೆಸಿಬಿ ಮತ್ತು ಟ್ರ್ಯಾಕ್ಟರುಗಳಿಂದ ಹೂಳೆತ್ತಲು ಹೊರಟರು. ಅವರ ಛಲಕ್ಕೆ ತಲೆಬಾಗಲೇಬೇಕು. ಆದರೆ ಅದರಿಂದಲೇ ಡ್ಯಾಮು ಮೊದಲಿನಂತಾದೀತೇ? ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹಾಕಿ ನೋಡಿ.

ಕಳೆದುಹೋದದ್ದು ಸುಮಾರು 27 ಟಿಎಂಸಿ, ಅಂದರೆ 76 ಕೋಟಿ ಘನ ಮೀಟರ್. ಒಂದು ಟ್ರೈಲರಿಗೆ ಮೂರು ಘನ ಮೀಟರ್ ಹಿಡಿಯುತ್ತದೆ ಎಂದುಕೊಳ್ಳೋಣ. ಆಗ ಸುಮಾರು 25 ಕೋಟಿ ಲೋಡು! ಸಾವಿರ ಟ್ರ್ಯಾಕ್ಟರುಗಳು ದಿನಕ್ಕೆ ಹತ್ತು ಬಾರಿಯಂತೆ, ಒಂದು ದಿನವೂ ಬಿಡದೆ ಓಡಾಡಿದರೂ 68 ವರ್ಷ ಬೇಕು. ಅಷ್ಟರಲ್ಲಿ ಪ್ರತಿ ಮಳೆಗಾಲವೂ ಹೊಸ ಹೂಳನ್ನು ತರುತ್ತಿರುತ್ತದೆ. ಎತ್ತಿದ್ದನ್ನು ಎಲ್ಲಿ ಸುರಿಯುವುದು?

ಲೆಕ್ಕ ನಮ್ಮ ಉತ್ಸಾಹವನ್ನು ಕುಗ್ಗಿಸಲು ಅಲ್ಲ, ಸರಿಯಾದ ಕಡೆಗೆ ತಿರುಗಿಸಲು. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿ, ಹರಿದುಹೋಗುವ ನೆರೆನೀರನ್ನು ಹಿಡಿಯುವ ಪ್ರಸ್ತಾವ ಹುಟ್ಟಿದ್ದು ಇಂಥ ಲೆಕ್ಕದಿಂದಲೇ. ನದಿಯ ಮೇಲ್ಭಾಗದ ಹೊಲಗಳಲ್ಲಿ ಬದು ಹಾಕಿ, ಗಿಡಮರ ಉಳಿಸಿದರೆ ಮಣ್ಣು ಅಲ್ಲೇ ನಿಲ್ಲುತ್ತದೆ. ರೈತರು ಎತ್ತಿದ ಹೂಳೂ ವ್ಯರ್ಥವಲ್ಲ. ಇಡೀ ನಾಡು ಡ್ಯಾಮಿನ ಕಡೆ ಕಣ್ಣು ಹಾಯಿಸುವಂತೆ ಅದು ಮಾಡಿತು.

ಈ ವಾರ ಮನೆಯಲ್ಲಿ ಮಾಡಿ ನೋಡಿ:

1. ಒಂದು ನೋಟ್‌ಬುಕ್ಕಿನಲ್ಲಿ ಕಾಲುವೆಗೆ ನೀರು ಬಂದ ದಿನ, ನಿಂತ ದಿನ, ಬಾವಿಯ ನೀರಿನ ಮಟ್ಟ ಬರೆದಿಡಿ. ಮಕ್ಕಳೇ ಬರೆಯಲಿ.

2. ಊರಿನ ಸಭೆಯಲ್ಲಿ "ನೀರು ಸಾಲದು" ಎನ್ನುವ ಬದಲು "ಇಂಥ ತಿಂಗಳು ಇಷ್ಟು ದಿನ ಬಂದಿಲ್ಲ" ಎಂದು ಆ ಪುಸ್ತಕ ತೋರಿಸಿ.

3. ನಿಮ್ಮ ಲೆಕ್ಕ ತಪ್ಪೆಂದು ಯಾರಾದರೂ ತೋರಿಸಿಕೊಟ್ಟರೆ ಮುನಿಸಿಕೊಳ್ಳದೆ ತಿದ್ದಿಕೊಳ್ಳಿ.

ಬರಿಯ ಕೂಗನ್ನು ತಳ್ಳಿಹಾಕುವುದು ಸುಲಭ. ಬರೆದಿಟ್ಟ ಲೆಕ್ಕಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.